ಸ್ಟೇಷನ್ ಮೆಟ್ಟಿಲು ಹತ್ತಲೇಬೇಕು

ಹಳ್ಳಿಮೈಸೂರು ಹೋಬಳಿಯಲ್ಲಿ ಒಂದು ಬೈಕು ಕಳುವಾದರೆ ಆ ಮನೆಯ ನಾಲ್ಕೈದು ಕೆಲಸಗಳು ಒಟ್ಟಿಗೇ ನಿಲ್ಲುತ್ತವೆ. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು ಹೋಗುವುದು ಅದರಲ್ಲಿ, ಬೂಸಾ ಮೂಟೆ ಬರುವುದು ಅದರಲ್ಲಿ. ಮಗಳನ್ನು ಕಾಲೇಜಿನ ಬಸ್ಸಿಗೆ ಬಿಡುವುದು, ಮಂಡಿನೋವಿನ ಅಜ್ಜಿಯನ್ನು ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ಯುವುದು, ತ್ರೀ ಫೇಸ್ ಕರೆಂಟು ಬಂತೆಂದು ಸರಿಹೊತ್ತಿನಲ್ಲಿ ತೋಟಕ್ಕೆ ಓಡುವುದು ಎಲ್ಲವೂ ಅದರಲ್ಲೇ. ಸಾಲದ ಗಾಡಿಯಾದರೆ ಗಾಡಿ ಹೋದರೂ ಕಂತು ಹೋಗುವುದಿಲ್ಲ.

ಗಾಡಿ ಹೋಗುವ ಜಾಗಗಳು ಎಲ್ಲರಿಗೂ ಗೊತ್ತಿರುವಂಥವೇ. ಹಾಲು ಅಳೆಯುವ ಹೊತ್ತಿನಲ್ಲಿ ಡೈರಿಯ ಮುಂದೆ ಕೀ ಸಮೇತ ನಿಂತ ಬೈಕುಗಳು. ಹಾಸನಕ್ಕೋ ಮೈಸೂರಿಗೋ ಬಸ್ಸು ಹತ್ತುವವರು ರಸ್ತೆ ಬದಿಯ ಮರದಡಿ ನಿಲ್ಲಿಸಿ ಹೋದವು. ನಾಲೆ ಏರಿಯ ಮೇಲೆ ನಿಲ್ಲಿಸಿ ಗದ್ದೆಗೆ ಇಳಿದವರದ್ದು. ಮದುವೆ ಛತ್ರದ ಮುಂದಿನ ಸಾಲು, ಸಂತೆಮಾಳ, ರಾಮನಾಥಪುರದ ಸುಬ್ರಹ್ಮಣ್ಯ ಜಾತ್ರೆ, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನದ ಗದ್ದಲ. ಕಳ್ಳನಿಗೆ ಇಲ್ಲಿ ಹೆಚ್ಚಿನ ವಿದ್ಯೆಯೇನೂ ಬೇಕಿಲ್ಲ. ಹತ್ತು ವರ್ಷ ಓಡಿದ ಬೈಕಿನ ಲಾಕು ಎಷ್ಟು ಸವೆದಿರುತ್ತದೆಂದರೆ ಅದೇ ಕಂಪನಿಯ ಇನ್ನೊಂದು ಗಾಡಿಯ ಕೀ ಹಾಕಿದರೂ ತಿರುಗುತ್ತದೆ. ಹ್ಯಾಂಡಲ್ ಲಾಕನ್ನು ಕಾಲಿನಲ್ಲಿ ಒದ್ದು ಮುರಿಯುವುದು ಕ್ಷಣದ ಕೆಲಸ. ಹಾಗಾಗಿ ಹಳೆಯ ಗಾಡಿಯ ಲಾಕ್ ಸೆಟ್ಟನ್ನೇ ಬದಲಾಯಿಸುವುದು, ಚಕ್ರಕ್ಕೊಂದು ಡಿಸ್ಕ್ ಲಾಕೋ ಸರಪಳಿಯೋ ಹಾಕುವುದು, ರಾತ್ರಿ ಜಗಲಿಯ ಕಂಬಕ್ಕೆ ಸೇರಿಸಿ ಬೀಗ ಹಾಕುವುದು ಇವೆಲ್ಲ ಮಾಡಬೇಕಾದವೇ. ಇದನ್ನು ಹೇಳಿಕೊಡಲು ಅಂಕಣ ಬೇಕಿಲ್ಲ. ನನಗೆ ಹೇಳಬೇಕೆನಿಸುವುದು ಗಾಡಿ ಹೋದ ನಂತರದ ನಮ್ಮ ನಡವಳಿಕೆಯ ಬಗ್ಗೆ.

ಗಾಡಿ ಕಾಣೆಯಾದ ಕೂಡಲೇ ನಮ್ಮ ಕಡೆಯವರು ಮಾಡುವ ಮೊದಲ ಕೆಲಸ ಹುಡುಕಾಟ. ಅಣ್ಣ ತಮ್ಮಂದಿರು, ಗೆಳೆಯರು ಮೂರು ದಿಕ್ಕಿಗೆ ಹೊರಡುತ್ತಾರೆ. ವಾಟ್ಸಾಪ್ ಗುಂಪುಗಳಿಗೆ ಫೋಟೊ ಹೋಗುತ್ತದೆ. ಶಾಸ್ತ್ರ ಕೇಳುವವರು ಕೇಳುತ್ತಾರೆ, ದೇವರಿಗೆ ಹರಕೆ ಕಟ್ಟುವವರು ಕಟ್ಟುತ್ತಾರೆ. ಎರಡು ದಿನ, ನಾಲ್ಕು ದಿನ ಕಳೆಯುತ್ತದೆ. ಠಾಣೆಗೆ ಹೋಗೋಣವೆಂದು ಯಾರಾದರೂ ಬಾಯಿಬಿಟ್ಟರೆ, ‘ಸ್ಟೇಷನ್ ಸಾವಾಸ ಯಾಕಣ್ಣ, ಸಿಗಂಗಿದ್ರೆ ಸಿಗುತ್ತೆ ಬಿಡು’ ಎಂಬ ಮಾತು ಬರುತ್ತದೆ. ಠಾಣೆ ಹಳ್ಳಿಮೈಸೂರಿನಲ್ಲೇ ಇದೆ, ದೂರವೇನಲ್ಲ. ಆದರೂ ಆ ಮೆಟ್ಟಿಲು ಹತ್ತುವುದೇ ಮರ್ಯಾದಸ್ಥರಿಗೆ ಸಲ್ಲದ ಕೆಲಸ ಎಂಬ ಭಾವನೆ ತಲೆಮಾರುಗಳಿಂದ ಬಂದಿದೆ. ಕಳ್ಳನಿಗೆ ಇದಕ್ಕಿಂತ ದೊಡ್ಡ ಸಹಾಯವನ್ನು ಊರು ಮಾಡಲಾರದು. ಆ ನಾಲ್ಕು ದಿನದಲ್ಲಿ ಗಾಡಿ ಎರಡು ಜಿಲ್ಲೆ ದಾಟಿರುತ್ತದೆ. ಇಲ್ಲವೇ ಬಿಡಿಭಾಗವಾಗಿ ಗುಜರಿ ಸೇರಿರುತ್ತದೆ. ಬಂಕಿನ, ಅಂಗಡಿಯ ಕ್ಯಾಮೆರಾಗಳಲ್ಲಿದ್ದ ದೃಶ್ಯದ ಮೇಲೆ ಹೊಸ ದೃಶ್ಯ ಕೂತಿರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಮೇಲೆ ದೂರು ಬರೆಯಲು ಕೂರುತ್ತೇವೆ.

ಹಿಂಜರಿಕೆಗೆ ಮರ್ಯಾದೆಯೊಂದೇ ಕಾರಣವಲ್ಲ. ಗಾಡಿಯ ಆರ್‌ಸಿ ಇನ್ನೂ ಮೊದಲಿನ ಮಾಲೀಕನ ಹೆಸರಿನಲ್ಲಿರುತ್ತದೆ. ಇನ್ಶೂರೆನ್ಸ್ ಮುಗಿದು ವರ್ಷವಾಗಿರುತ್ತದೆ. ಓಡಿಸುತ್ತಿದ್ದ ಹುಡುಗನಿಗೆ ಲೈಸೆನ್ಸೇ ಇರುವುದಿಲ್ಲ. ದೂರು ಕೊಡಲು ಹೋದರೆ ನಮ್ಮ ಮೇಲೆಯೇ ಕೇಸು ಬಿದ್ದೀತೆಂಬ ಅಳುಕು. ಈ ಅಳುಕು ಬಿಡಬೇಕು. ಇನ್ಶೂರೆನ್ಸ್ ಇಲ್ಲದ ಗಾಡಿ ಕದ್ದರೂ ಅದು ಕಳವೇ, ದೂರು ಕೊಡುವ ಹಕ್ಕು ಹೋಗುವುದಿಲ್ಲ. ಆರ್‌ಸಿ ಬೇರೆಯವರ ಹೆಸರಿನಲ್ಲಿದ್ದರೆ ಕೊಂಡಾಗಿನ ಕರಾರುಪತ್ರ ಹಿಡಿದುಕೊಂಡು, ಸಾಧ್ಯವಾದರೆ ಆ ಮಾಲೀಕರನ್ನೂ ಕರೆದುಕೊಂಡು ಹೋಗಬೇಕು. ದೂರು ಕೊಡದಿದ್ದರೆ ಆಗುವ ಅಪಾಯ ಇದಕ್ಕಿಂತ ದೊಡ್ಡದು. ಕದ್ದ ಬೈಕಿನಲ್ಲಿ ಬಂದು ಯಾರದೋ ಕೊರಳಿನ ಸರ ಕಿತ್ತರೆ, ಯಾರಿಗೋ ಗುದ್ದಿ ಓಡಿಹೋದರೆ, ನಂಬರ್ ಪ್ಲೇಟು ಹಿಡಿದು ಪೊಲೀಸರು ಮೊದಲು ಬರುವುದು ಆರ್‌ಸಿಯಲ್ಲಿ ಹೆಸರಿದ್ದವರ ಮನೆಗೆ. ಗಾಡಿ ಕಳುವಾಗಿತ್ತೆಂದು ಆಗ ಬಾಯಿಮಾತಿನಲ್ಲಿ ಹೇಳಿದರೆ ನಂಬುವವರು ಯಾರು?

ಆದ್ದರಿಂದ ಮೊದಲ ಗಂಟೆಯಲ್ಲೇ 112ಕ್ಕೆ ಫೋನು ಮಾಡಿ, ಆಮೇಲೆ ನೇರ ಠಾಣೆಗೆ ಹೋಗಬೇಕು. ಅರ್ಜಿಯಲ್ಲಿ ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬಣ್ಣ, ನಿಲ್ಲಿಸಿದ ಜಾಗ, ಕೊನೆಯದಾಗಿ ನೋಡಿದ ಹೊತ್ತು ಇರಲಿ. ಆರ್‌ಸಿಯ ಒಂದು ಫೋಟೊ ಮನೆಯವರೆಲ್ಲರ ಮೊಬೈಲಿನಲ್ಲೂ ಇರುವುದು ಒಳ್ಳೆಯದು. ಎಷ್ಟೋ ಜನರ ಆರ್‌ಸಿ ಗಾಡಿಯ ಪೆಟ್ಟಿಗೆಯಲ್ಲೇ ಇದ್ದು ಗಾಡಿಯೊಂದಿಗೇ ಹೋಗಿರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ದೂರುದಾರರ ಪರವಾಗಿ ಕೆಲವು ಮುಖ್ಯ ಸಂಗತಿಗಳನ್ನು ಹೇಳುತ್ತದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹಾಸನಾಂಬೆಯ ದರ್ಶನಕ್ಕೆ ಹೋದಾಗ ಕಳೆದ ಗಾಡಿಗೆ ಹಳ್ಳಿಮೈಸೂರಿನಲ್ಲೇ ದೂರು ದಾಖಲಾಗಬೇಕು, ಅವರು ಅದನ್ನು ಹಾಸನಕ್ಕೆ ಕಳಿಸುತ್ತಾರೆ. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ವಿದ್ಯುನ್ಮಾನ ಮಾರ್ಗದಲ್ಲಿಯೂ ದೂರು ಕಳಿಸಬಹುದು. ಹಾಗೆ ಕಳಿಸಿದವರು ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.

ಅರ್ಜಿ ತೆಗೆದುಕೊಂಡು ‘ನೋಡೋಣ, ಸಿಕ್ಕರೆ ಹೇಳ್ತೀವಿ’ ಎಂದು ಕಳಿಸಿದರೆ ಅದು ಎಫ್‌ಐಆರ್ ಆಗಲಿಲ್ಲ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಠಾಣೆಯಲ್ಲಿ ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನದೊಳಗೆ ದೂರುದಾರರಿಗೆ ತಿಳಿಸುವುದು ಈಗ ತನಿಖಾಧಿಕಾರಿಯ ಕರ್ತವ್ಯ. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಇನ್ಶೂರೆನ್ಸ್ ವಿಷಯಕ್ಕೆ ಬಂದರೆ ನಮ್ಮ ಕಡೆ ದೊಡ್ಡದೊಂದು ತಪ್ಪು ತಿಳಿವಳಿಕೆಯಿದೆ. ಅದರಿಂದ ಬಡವರ ಸಾವಿರಾರು ರೂಪಾಯಿ ಕಣ್ಣೆದುರೇ ಹೋಗುತ್ತಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವವರು ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕೆಂಬ ನಿಯಮ ಬಂತು. ಶೋರೂಮಿನವರು ‘ಐದು ವರ್ಷ ಇನ್ಶೂರೆನ್ಸ್ ಆಗಿದೆ, ಯೋಚನೆ ಬೇಡ’ ಎಂದು ಕಾಗದ ಕೈಗಿಡುತ್ತಾರೆ. ಆ ಐದು ವರ್ಷ ನಡೆಯುವುದು ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಸಂಬಂಧಿಸಿದ ವಿಮೆ ಮಾತ್ರ. ನಮ್ಮ ಗಾಡಿಗೆ ಆಗುವ ನಷ್ಟ, ಅಂದರೆ ಕಳವು, ಬೆಂಕಿ, ಅಪಘಾತದ ಜಖಂ, ಇವನ್ನು ತುಂಬಿಕೊಡುವ ಓನ್ ಡ್ಯಾಮೇಜ್ ಭಾಗವನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಮಾಡಿರುತ್ತಾರೆ. ಎರಡನೆಯ ವರ್ಷ ಅದನ್ನು ಬೇರೆಯಾಗಿ ನವೀಕರಿಸಬೇಕು. ಇದು ತಿಳಿಯದೆ ಮೂರನೆಯ ವರ್ಷದಲ್ಲಿ ಗಾಡಿ ಕಳೆದುಕೊಂಡವರು ಕಾಗದ ಹಿಡಿದು ಹೋದಾಗ ಒಂದು ರೂಪಾಯಿಯೂ ಬರುವುದಿಲ್ಲ. ಈ ಬರಹ ಓದಿದವರು ಮನೆಯ ವಿಮಾ ಕಾಗದ ತೆಗೆದು, ಅದರಲ್ಲಿ ಎರಡು ಮುಗಿಯುವ ದಿನಾಂಕಗಳು ಇವೆಯೇ ಎಂದು ನೋಡಬೇಕೆಂಬುದು ನನ್ನ ಬಿನ್ನಹ.

ಕಳವಿಗೆ ವಿಮೆ ಇದ್ದರೂ ಕೊಂಡ ಬೆಲೆ ಬರುವುದಿಲ್ಲ. ಪಾಲಿಸಿಯಲ್ಲಿ ಐಡಿವಿ ಎಂದು ಬರೆದ ಮೊತ್ತವೇ ಲೆಕ್ಕಕ್ಕೆ ಬರುವುದು. ಗಾಡಿ ನಾಲ್ಕು ವರ್ಷ ದಾಟಿ ಐದರೊಳಗಿದ್ದರೆ ತಯಾರಕರ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ. ಸಾಲವಿದ್ದರೆ ಹಣ ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ. ವಿಮಾ ಕಂಪನಿಯವರು ಎರಡೂ ಕೀಗಳನ್ನು ಕೇಳುತ್ತಾರೆ, ಆದ್ದರಿಂದ ಎರಡನೆಯ ಕೀಯನ್ನು ಜೋಪಾನವಾಗಿ ಇಟ್ಟಿರಬೇಕು. ಎಫ್‌ಐಆರ್ ಪ್ರತಿಯ ಜೊತೆಗೆ, ಹುಡುಕಿದರೂ ಪತ್ತೆಯಾಗಲಿಲ್ಲವೆಂದು ಪೊಲೀಸರು ಕೊಡುವ ವರದಿ ಬೇಕು. ಇದನ್ನೇ ನಮ್ಮಲ್ಲಿ ಸಿ ರಿಪೋರ್ಟ್ ಎನ್ನುತ್ತಾರೆ. ಹಾಗಾಗಿ ಮೊದಲ ದಿನದ ದೂರೇ ಇಲ್ಲದಿದ್ದರೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ.

ಇಲ್ಲಿ ರೈತರು ನೆನಪಿಡಬೇಕಾದ ಒಂದು ತೀರ್ಪಿದೆ. ಗುರ್ಶಿಂದರ್ ಸಿಂಗ್ ಎಂಬ ಟ್ರ್ಯಾಕ್ಟರ್ ಮಾಲೀಕರು ಕಳವಾದ ದಿನವೇ ಎಫ್‌ಐಆರ್ ಮಾಡಿಸಿದ್ದರು. ವಿಮಾ ಕಂಪನಿಗೆ ತಿಳಿಸಿದ್ದು ಮಾತ್ರ ಒಂದೂವರೆ ತಿಂಗಳಿಗೂ ಹೆಚ್ಚು ತಡವಾಗಿ. ಕಂಪನಿ ಅದನ್ನೇ ನೆಪ ಮಾಡಿ ಹಣ ನಿರಾಕರಿಸಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಪೊಲೀಸರಿಗೆ ಕೂಡಲೇ ದೂರು ಕೊಟ್ಟು ಕಳವು ನಿಜವೆಂದು ಕಂಡುಬಂದಿರುವಾಗ, ಕಂಪನಿಗೆ ತಡವಾಗಿ ತಿಳಿಸಿದರೆಂಬ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ ಎಂದಿತು. ಆ ಮಾಲೀಕರನ್ನು ಕಾಪಾಡಿದ್ದು ಅದೇ ದಿನದ ಎಫ್‌ಐಆರ್. ಕೀ ಗಾಡಿಯಲ್ಲೇ ಬಿಟ್ಟು ಹೋದವರೂ ಪೂರ್ತಿ ಕೈಚೆಲ್ಲಬೇಕಾಗಿಲ್ಲ. ವಿಳಾಸ ಕೇಳಲು ಚಾಲಕ ಇಳಿದಾಗ ಕೀ ಸಮೇತ ಲಾರಿ ಹೋದ ಪ್ರಕರಣವೊಂದರಲ್ಲಿ 2023ರಲ್ಲಿ ಅದೇ ನ್ಯಾಯಾಲಯ ನೂರಕ್ಕೆ 75ರಷ್ಟು ಹಣ ಕೊಡಿಸಿದೆ. ಆದರೂ ಕಂಪನಿಯವರು ಅಷ್ಟಕ್ಕೂ ಜಗಳವಾಡಿಸುತ್ತಾರೆ. ಕೀ ಜೇಬಿನಲ್ಲಿರುವುದೇ ಲೇಸು.

ಗಾಡಿ ಸಿಕ್ಕಿತೆಂದುಕೊಳ್ಳೋಣ. ಆಗ ಇನ್ನೊಂದು ನೋವು ಶುರುವಾಗುತ್ತದೆ. ಠಾಣೆಗಳ ಹಿಂದೆ ಬಳ್ಳಿ ಹಬ್ಬಿ, ಟೈರು ಕೊಳೆತು ನಿಂತ ಬೈಕುಗಳನ್ನು ನೋಡದವರಿಲ್ಲ. ಅವುಗಳಲ್ಲಿ ಎಷ್ಟೋ ಯಾರದೋ ದುಡಿಮೆಯ ಗಾಡಿಗಳು. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದು, ಫೋಟೊ ತೆಗೆದು, ಮಹಜರು ಮಾಡಿ, ಬಾಂಡು ಬರೆಸಿಕೊಂಡು ಮಾಲೀಕರಿಗೆ ಬೇಗ ಬಿಟ್ಟುಕೊಡಬೇಕು ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಹೊಸ ಸಂಹಿತೆಯ 497ನೇ ಕಲಂ ಇದಕ್ಕೆ ದಿನಗಳ ಮಿತಿಯನ್ನೇ ಹಾಕಿದೆ: ವಸ್ತು ನ್ಯಾಯಾಲಯದ ಮುಂದೆ ಬಂದ ಹದಿನಾಲ್ಕು ದಿನದಲ್ಲಿ ಅದರ ವಿವರಪಟ್ಟಿ, ಫೋಟೊ, ವಿಡಿಯೊ ಆಗಬೇಕು, ಆಮೇಲೆ ಮೂವತ್ತು ದಿನದಲ್ಲಿ ಏನು ಮಾಡಬೇಕೆಂಬ ಆದೇಶ ಬರಬೇಕು. ಮಾಲೀಕರು ಆರ್‌ಸಿ, ವಿಮೆ ಕಾಗದದೊಂದಿಗೆ ಬಿಡುಗಡೆ ಅರ್ಜಿ ಹಾಕಿಕೊಳ್ಳಬೇಕು. ಕೇಸು ಮುಗಿಯುವವರೆಗೆ ಕಾಯಬೇಕೆಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ.

ಕದಿಯುವವನೊಬ್ಬನಿಂದಲೇ ಕಳ್ಳತನ ನಡೆಯುವುದಿಲ್ಲ, ಕೊಳ್ಳುವವನೂ ಬೇಕು. ‘ಫೈನಾನ್ಸಿನವರು ಸೀಜ್ ಮಾಡಿದ ಗಾಡಿ, ಹದಿನೈದು ಸಾವಿರ ಕೊಡಿ, ಕಾಗದ ಆಮೇಲೆ ಬರುತ್ತೆ’ ಎಂದು ಯಾರೋ ತಂದು ನಿಲ್ಲಿಸಿದಾಗ, ತೋಟಕ್ಕೆ ಓಡಾಡಲು ಸಾಕಲ್ಲ ಎಂದು ಕೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಆ ಗಾಡಿ ಬೇರೆ ತಾಲ್ಲೂಕಿನ ಇನ್ನೊಬ್ಬ ಹಾಲು ಹಾಕುವವನದ್ದೇ ಆಗಿರಬಹುದು. ಕಳವಿನ ಮಾಲೆಂದು ಗೊತ್ತಿದ್ದು ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅದು ಅಪರಾಧ. ಕೊಳ್ಳುವ ಮೊದಲು ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯೂ ಆರ್‌ಸಿಯ ಸಂಖ್ಯೆಯೂ ಒಂದೇ ಆಗಿವೆಯೇ, ಆ ಜಾಗದಲ್ಲಿ ಉಜ್ಜಿದ ಗುರುತಿದೆಯೇ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾಹನ್ ಸಮನ್ವಯ ವ್ಯವಸ್ಥೆಯಲ್ಲಿ ಕಳವಾದ ಗಾಡಿಗಳ ವಿವರ ಸಿಗುತ್ತದೆ. ಅತಿ ಸುರಕ್ಷಿತ ನಂಬರ್ ಪ್ಲೇಟನ್ನು ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು 2023ರಲ್ಲಿ ರಾಜ್ಯ ಸರ್ಕಾರ ಹೇಳಿದಾಗ ಅನೇಕರು ಗೊಣಗಿದರು. ಒಮ್ಮೆ ಬಿಚ್ಚಿದರೆ ಮತ್ತೆ ಕೂರದ ಲಾಕು, ಲೇಸರಿನಲ್ಲಿ ಕೆತ್ತಿದ ಪ್ರತ್ಯೇಕ ಸಂಖ್ಯೆ ಇರುವ ಆ ಪ್ಲೇಟು ಕಳ್ಳನಿಗೆ ಒಂದು ಕೆಲಸ ಹೆಚ್ಚಿಸುತ್ತದೆ. ಅಷ್ಟಾದರೂ ಆಗಲಿ.

ಸಣ್ಣ ಕಿರಿಕಿರಿಗಳ ಕಥೆ ಬೇರೆ. ರಾತ್ರಿ ನಿಲ್ಲಿಸಿದ ಬೈಕಿನಿಂದ ಪೆಟ್ರೋಲು ಎಳೆದುಕೊಳ್ಳುವುದು, ಟ್ರ್ಯಾಕ್ಟರಿನ ಬ್ಯಾಟರಿ, ಪಂಪ್‌ಸೆಟ್ಟಿನ ಸ್ಟಾರ್ಟರು, ತಾಮ್ರಕ್ಕಾಗಿ ಕತ್ತರಿಸಿದ ಕೇಬಲ್ಲು, ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ. ಹೊಸ ಕಾನೂನಿನಲ್ಲಿ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಅಸಂಜ್ಞೇಯ ಅಪರಾಧವಾಗಿದೆ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ರೈತನ ಮಟ್ಟಿಗೆ ಇದು ಅನ್ಯಾಯದ ಗೆರೆಯೆಂದೇ ನನ್ನ ಭಾವನೆ. ಸ್ಟಾರ್ಟರಿನ ಬೆಲೆ ಕಡಿಮೆಯಿರಬಹುದು, ಅದಿಲ್ಲದೆ ವಾರವಿಡೀ ಒಣಗಿದ ಶುಂಠಿ ಹೊಲದ ಬೆಲೆಯನ್ನು ಯಾರು ಲೆಕ್ಕ ಹಾಕುತ್ತಾರೆ? ಆದ್ದರಿಂದ ಕೊಂಡ ರಸೀತಿಗಳನ್ನು ಇಟ್ಟುಕೊಂಡು, ಕೇಬಲ್ಲು, ಸ್ಟಾರ್ಟರು, ಬ್ಯಾಟರಿ ಒಟ್ಟಿಗೇ ಹೋಗಿದ್ದರೆ ಎಲ್ಲದರ ಬೆಲೆ ಸೇರಿಸಿ ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಬೆಲೆ ಕಡಿಮೆಯಾದರೂ ದೂರು ಕೊಟ್ಟು ಹಿಂಬರಹ ತೆಗೆದುಕೊಳ್ಳಬೇಕು. ಒಂದೇ ಏರಿಯಲ್ಲಿ ಹತ್ತು ಸಲ ಪೆಟ್ರೋಲ್ ಕಳವಾಗಿದ್ದರೂ ಠಾಣೆಯ ಪುಸ್ತಕದಲ್ಲಿ ಒಂದೂ ಇಲ್ಲದಿದ್ದರೆ, ರಾತ್ರಿ ಗಸ್ತು ಆ ಕಡೆ ಬರಬೇಕೆಂದು ಯಾವ ಆಧಾರದ ಮೇಲೆ ಕೇಳುವುದು?

ಇನ್ನು ಕುಡಿತ. ಬಸ್ ನಿಲ್ದಾಣದ ಕಟ್ಟೆ, ಶಾಲೆಯ ಜಗಲಿ, ಕೆರೆ ಏರಿ ಸಂಜೆಯಾದರೆ ಕುಡಿಯುವವರ ಪಾಲು. ಬೆಳಿಗ್ಗೆ ಮಕ್ಕಳು ಒಡೆದ ಬಾಟಲಿ ಗುಡಿಸಿ ಪಾಠಕ್ಕೆ ಕೂರುವ ಶಾಲೆಗಳು ನಮ್ಮಲ್ಲಿವೆ ಎನ್ನಲು ನಾಚಿಕೆಯಾಗಬೇಕು. ಪೆಟ್ಟಿ ಅಂಗಡಿಗಳಲ್ಲಿ ಪರವಾನಗಿಯಿಲ್ಲದೆ ಮದ್ಯ ಮಾರುವುದು ಅಬಕಾರಿ ಕಾಯ್ದೆಯಡಿ ಅಪರಾಧ, ಅದಕ್ಕೆ ಪೊಲೀಸರಿಗೂ ಅಬಕಾರಿ ಇಲಾಖೆಗೂ ದೂರು ಕೊಡಬಹುದು. ಸೈಲೆನ್ಸರ್ ಬದಲಾಯಿಸಿ ನಿದ್ದೆಗೆಡಿಸುವ ಬೈಕುಗಳಿಗೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಇದೆ. ಹದಿನೆಂಟು ತುಂಬದ ಹುಡುಗನ ಕೈಗೆ ಗಾಡಿ ಕೊಟ್ಟು ಅವನು ತಪ್ಪು ಮಾಡಿದರೆ ಪೋಷಕರಿಗೇ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದವರೆಗೆ ಸಜೆ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತಡೆಯಿದೆ. ಬೀದಿ ದೀಪ ಪಂಚಾಯಿತಿಯ ಹೊಣೆ. ಉರಿಯದ ಕಂಬಗಳ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲು ಮಾಡಿಸಿದರೆ ಮುಂದಿನ ಸಭೆಯಲ್ಲಿ ಕೇಳಲು ಒಂದು ಕಾಗದ ಇರುತ್ತದೆ.

ಹಿಂದೆ ಪ್ರತಿ ಊರಿಗೂ ತೋಟಿ, ತಳವಾರರಿದ್ದರು. ಊರಿಗೆ ಯಾರು ಬಂದರು, ಯಾರು ಹೋದರು ಎಂಬುದು ತಳವಾರನಿಗೆ ತಿಳಿಯುತ್ತಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಜಾತಿಗೆ ಕಟ್ಟಿಹಾಕಿದ್ದ ಆ ದುಡಿಮೆ ಹೋದದ್ದು ಸರಿಯೇ. ಅದರ ಹಿಂದೆಯೇ 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಊರಿನ ಸ್ವಯಂಸೇವಕರು ದಳಪತಿಯೊಬ್ಬರ ಕೆಳಗೆ ಪೊಲೀಸರೊಡನೆ ಸೇರಿ ಕಾವಲಿರುವ ಏರ್ಪಾಡು ಅದು. ಈಗ ಬೀಟ್ ಪೊಲೀಸ್ ವ್ಯವಸ್ಥೆಯಿದೆ, 2025ರಲ್ಲಿ ಆರಂಭವಾದ ಮನೆ ಮನೆಗೆ ಪೊಲೀಸ್ ಕಾರ್ಯಕ್ರಮವಿದೆ. ನಿಮ್ಮ ಊರಿನ ಬೀಟ್ ಪೇದೆಯ ಹೆಸರು, ಫೋನ್ ಸಂಖ್ಯೆ ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ.

ಕಳವು ಹೆಚ್ಚಾದ ಊರಿನಲ್ಲಿ ಜನ ದೊಣ್ಣೆ ಹಿಡಿದು ತಾವೇ ಕಾಯಲು ಶುರುಮಾಡುತ್ತಾರೆ. ಅಲ್ಲಿಯವರೆಗೆ ತಪ್ಪಿಲ್ಲ. ಆದರೆ ಗೊತ್ತಿಲ್ಲದವನೊಬ್ಬ ಸಿಕ್ಕ ಕೂಡಲೇ ಕಂಬಕ್ಕೆ ಕಟ್ಟಿ ಹೊಡೆಯುವುದಿದೆಯಲ್ಲ, ಅದರ ಕೊನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಬೀದರ್ ಜಿಲ್ಲೆಯ ಮುರ್ಕಿ 2018ರ ಜುಲೈನಲ್ಲಿ ತೋರಿಸಿತು. ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹಬ್ಬಿದ ಸುಳ್ಳಿಗೆ ಹೈದರಾಬಾದಿನ ಒಬ್ಬ ಎಂಜಿನಿಯರ್ ಜನರ ಹೊಡೆತಕ್ಕೆ ಸತ್ತರು. ಅವರು ಕಳ್ಳರಾಗಿರಲಿಲ್ಲ. ನಮ್ಮ ಕಡೆ ಮೊದಲ ಅನುಮಾನ ಬೀಳುವುದು ಊರಾಚೆ ಗುಡಾರ ಹಾಕಿದ ಅಲೆಮಾರಿಗಳ ಮೇಲೆ. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದ 1871ರ ಬ್ರಿಟಿಷ್ ಕಾಯ್ದೆಯ ವ್ಯವಸ್ಥೆಯನ್ನು 1952ರಲ್ಲೇ ತೆಗೆದುಹಾಕಲಾಗಿದೆ, ನಮ್ಮ ಮನಸ್ಸಿನಿಂದ ಮಾತ್ರ ಹೋಗಿಲ್ಲ. ಕಣ್ಣೆದುರೇ ಗಾಡಿ ಕದಿಯುವವನನ್ನು ಹಿಡಿಯುವ ಅಧಿಕಾರ ಸಾಮಾನ್ಯ ಪ್ರಜೆಗೂ ಇದೆ. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಒಂದು ಏಟು ಹಾಕುವ ಅಧಿಕಾರವೂ ಯಾರಿಗೂ ಇಲ್ಲ.

ಹೊರಗಿನ ಕಳ್ಳನ ಮೇಲೆ ದೂರು ಬರೆಯುವುದು ಸುಲಭ. ಅದೇ ಬೀದಿಯ ಹುಡುಗ ರಾತ್ರಿ ಗಲಾಟೆ ಮಾಡಿದರೆ, ಪಕ್ಕದ ಮನೆಯವನೇ ಮದ್ಯ ಮಾರಿದರೆ, ‘ನಾಳೆ ಮುಖ ನೋಡಬೇಕಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಒಬ್ಬರೇ ಹೆಸರು ಹಾಕಿದರೆ ಹುಲ್ಲಿನ ಮೆದೆಗೆ ಬೆಂಕಿ ಬೀಳುವ, ತೋಟದ ಬೇಲಿ ಮುರಿಯುವ ಭಯ ನಿಜವಾದದ್ದೇ. ಅದಕ್ಕೇ ಅರ್ಜಿ ಇಪ್ಪತ್ತು ಮನೆಯಿಂದ ಹೋಗಬೇಕು. ಸ್ತ್ರೀಶಕ್ತಿ ಸಂಘದವರು, ಡೈರಿಯ ಕಾರ್ಯದರ್ಶಿ, ಶಾಲಾಭಿವೃದ್ಧಿ ಸಮಿತಿಯವರು ಒಟ್ಟಿಗೆ ಸಹಿ ಹಾಕಲಿ. ವ್ಯಕ್ತಿಯನ್ನು ಬೈಯದೆ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಏನು ನಡೆಯಿತೆಂಬುದನ್ನಷ್ಟೇ ಬರೆಯಲಿ. ಒಂದು ಪ್ರತಿ ಠಾಣೆಗೆ, ಒಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ. ಸಾರ್ವಜನಿಕ ಜಾಗದ ಉಪದ್ರವವಾದರೆ, ಅದನ್ನು ತೆಗೆಸಲು ಷರತ್ತಿನ ಆದೇಶ ಹೊರಡಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿ ಉಪವಿಭಾಗಾಧಿಕಾರಿಗಿದೆ, ಅವರಿಗೂ ಒಂದು ಪ್ರತಿ ಹೋಗಲಿ. ಕೊಟ್ಟ ಕಡೆಯಲ್ಲೆಲ್ಲ ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು, ಅದನ್ನು ಡೈರಿಯ ಕಡತದಲ್ಲಿ ಎಲ್ಲರ ಕೈಗೂ ಸಿಗುವಂತೆ ಇಡಬೇಕು.